ಕಿಟ್ಟೆಲ್ಲರ ಕೊನೆಯ ಊರು ಟ್ಯೂಬಿಂಗೆನ್

ಹಳಗನ್ನಡ ಓದುವಾಗ ಅರಿಯದ ಪದ ಎದುರಾದರೆ ಇವತ್ತಿಗೂ ನಮ್ಮ ಕೈ ಹೋಗುವುದು ಕಿಟ್ಟೆಲ್ ನಿಘಂಟಿನತ್ತ. ಸುಮಾರು 70,000 ಪದಗಳ ಆ ಮಹಾಕೋಶ 1894ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಅದನ್ನು ಕಟ್ಟಿಕೊಟ್ಟ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ ಕೊನೆಯುಸಿರೆಳೆದದ್ದು ಜರ್ಮನಿಯ ದಕ್ಷಿಣ ಭಾಗದ ಟ್ಯೂಬಿಂಗೆನ್ ಎಂಬ ಊರಿನಲ್ಲಿ. ನೆಕರ್ ನದಿಯ ದಂಡೆಯ ಈ ಪುಟ್ಟ ಪಟ್ಟಣಕ್ಕೆ ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಒಂದು ಗಂಟೆಯೂ ಬೇಕಿಲ್ಲ.

ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಎಷ್ಟೋ ಹಳೆಯ ಊರುಗಳು ಬಾಂಬಿಗೆ ನೆಲಸಮವಾದವು. ಟ್ಯೂಬಿಂಗೆನ್‌ಗೆ ಆದ ಹಾನಿ ತೀರಾ ಕಡಿಮೆ. ಹೀಗಾಗಿ ಐನೂರು ವರ್ಷ ಹಿಂದಿನ ಬೀದಿಗಳು, ಮರದ ತೊಲೆಗಳ ಚೌಕಟ್ಟಿನ ನಡುವೆ ಗೋಡೆ ತುಂಬಿ ಕಟ್ಟಿದ ಮನೆಗಳು, ಕಡಿದಾದ ಕಲ್ಲುಹಾಸಿನ ಓಣಿಗಳು ಹಾಗೇ ಉಳಿದಿವೆ. ಆದರೆ ಈ ಊರಿನ ನಿಜವಾದ ಆಸ್ತಿ ಕಟ್ಟಡಗಳಲ್ಲ, ಅವುಗಳೊಳಗೆ ಕುಳಿತು ಓದಿದವರು, ಬರೆದವರು.

ನೋಡಲು ಹೊರಟವರು ನೆಕರ್ ಸೇತುವೆಯಿಂದಲೇ ಆರಂಭಿಸಬೇಕು. ನದಿಯ ನಡುವೆ ಉದ್ದನೆಯ ದ್ವೀಪ. ಅದರ ಮೇಲೆ ಎರಡೂ ಬದಿಗೆ ಸಾಲಾಗಿ ನಿಂತ ಹಳೆಯ ಪ್ಲೇನ್ ಮರಗಳು. ಆ ನೆರಳಲ್ಲಿ ನಿಂತು ಎದುರು ದಂಡೆ ನೋಡಿದರೆ ಹಳದಿ, ಕೆಂಪು, ಕಂದು ಬಣ್ಣದ ಮನೆಗಳು ಒಂದಕ್ಕೊಂದು ಒತ್ತಿ ನಿಂತಂತೆ ಕಾಣುತ್ತವೆ. ಕೆಳಗೆ ಚಪ್ಪಟೆ ತಳದ ಮರದ ದೋಣಿಗಳು. ಹಿಂಬದಿಯಲ್ಲಿ ನಿಂತವರು ಉದ್ದನೆಯ ಗಳವನ್ನು ನದಿಯ ತಳಕ್ಕೆ ಊರಿ ದೋಣಿ ನೂಕುತ್ತಾರೆ.

ಆ ಮನೆಗಳ ಸಾಲಿನಲ್ಲಿ ಹಳದಿ ಬಣ್ಣದ ದುಂಡನೆಯ ಗೋಪುರವೊಂದಿದೆ. ಜರ್ಮನ್ ಭಾಷೆಯ ಮಹಾಕವಿಗಳಲ್ಲೊಬ್ಬನಾದ ಫ್ರೀಡ್ರಿಶ್ ಹೋಲ್ಡರ್ಲಿನ್ ಬದುಕಿದ್ದ ಜಾಗ ಇದು. ಮನಸ್ಸಿನ ಕಾಯಿಲೆಗೆ ತುತ್ತಾದ ಅವನನ್ನು 1806ರಲ್ಲಿ ಇಲ್ಲಿನ ಆಸ್ಪತ್ರೆಗೆ ಸೇರಿಸಿದರು. ಗುಣವಾಗಲಿಲ್ಲ. ಹೆಚ್ಚೆಂದರೆ ಮೂರು ವರ್ಷ ಬದುಕಿಯಾನು ಎಂದರು ವೈದ್ಯರು. ಆಗ ಅವನನ್ನು ಮನೆಗೆ ಕರೆದೊಯ್ದವನು ಎರ್ನ್‌ಸ್ಟ್ ಜಿಮ್ಮರ್ ಎಂಬ ಬಡಗಿ. ಅವನು ಹೋಲ್ಡರ್ಲಿನ್‌ನ ಕಾದಂಬರಿ ಓದಿ ಮೆಚ್ಚಿದ್ದವನು. ಮೂರು ವರ್ಷದ ಮಾತು ಸುಳ್ಳಾಗಿ, ಕವಿ ಆ ಮನೆಯಲ್ಲಿ 36 ವರ್ಷ ಬಾಳಿದ. ಜಿಮ್ಮರ್ ತೀರಿಕೊಂಡ ಮೇಲೆ ಅವನ ಮಗಳು ಲೊಟ್ಟೆ ನೋಡಿಕೊಂಡಳು. 1843ರಲ್ಲಿ ಕವಿ ತೀರಿಕೊಂಡದ್ದೂ ಇಲ್ಲೇ. ಗೋಪುರ 1875ರಲ್ಲಿ ಬೆಂಕಿಗೆ ಆಹುತಿಯಾಗಿ ಮತ್ತೆ ಕಟ್ಟಲ್ಪಟ್ಟಿತು. ಈಗ ಅದು ವಸ್ತುಸಂಗ್ರಹಾಲಯ. ಕವಿಯ ಕೀರ್ತಿಯ ಜೊತೆಗೆ ಒಬ್ಬ ಓದುಗನ ಋಣವನ್ನೂ ನೆನೆಸುವ ಜಾಗ ಇದು.

ಅಲ್ಲಿಂದ ಸ್ವಲ್ಪವೇ ದೂರದಲ್ಲಿದೆ ಸ್ಟಿಫ್ಟ್. ಮೊದಲು ಇದು ಅಗಸ್ಟೀನಿಯನ್ ಸನ್ಯಾಸಿಗಳ ಮಠ. ಈ ನಾಡಿಗೆ ಪ್ರಾಟೆಸ್ಟೆಂಟ್ ಮತ ಬಂದ ಮೇಲೆ, 1536ರಲ್ಲಿ ಡ್ಯೂಕ್ ಉಲ್ರಿಶ್ ಪಾದ್ರಿಗಳಾಗುವ ಬಡ ಹುಡುಗರಿಗಾಗಿ ಊಟ, ವಸತಿ, ಪಾಠಗಳ ಏರ್ಪಾಡು ಮಾಡಿದ. ನಮ್ಮ ಕಡೆಯ ವಿದ್ಯಾರ್ಥಿ ನಿಲಯಗಳನ್ನು ಬಲ್ಲವರಿಗೆ ಇದರ ಮಹತ್ವ ಬಿಡಿಸಿ ಹೇಳಬೇಕಿಲ್ಲ. ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಯೋಹಾನ್ನಸ್ ಕೆಪ್ಲರ್ ಇಲ್ಲಿ ಓದಿದವನು. ಕವಿ ಹೋಲ್ಡರ್ಲಿನ್, ತತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗ್ ಮೂವರೂ ಇಲ್ಲಿ ಒಂದೇ ಕಾಲದ ಸಹಪಾಠಿಗಳು.

ಮಲಯಾಳಂ ನಿಘಂಟು ರಚಿಸಿದ ಹರ್ಮನ್ ಗುಂಡರ್ಟ್ ಕೂಡ ಇದೇ ಸ್ಟಿಫ್ಟ್‌ನ ವಿದ್ಯಾರ್ಥಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್ ದೇವತಾಶಾಸ್ತ್ರ ಕಲಿತದ್ದೂ ಟ್ಯೂಬಿಂಗೆನ್‌ನಲ್ಲೇ. ತಾಳೆಗರಿಯಲ್ಲಿದ್ದ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಅವರು ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚು ಹಾಕಿಸಿದರು. ಆ ಕೆಲಸವನ್ನು ಮೆಚ್ಚಿ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ಊರಿನ ವಿಶ್ವವಿದ್ಯಾಲಯ.

ಆ ವಿಶ್ವವಿದ್ಯಾಲಯಕ್ಕೆ ಬುನಾದಿ ಹಾಕಿದವನು ಕೌಂಟ್ ಎಬರ್‌ಹಾರ್ಟ್. ಗಡ್ಡದಿಂದಾಗಿ ‘ಗಡ್ಡದ ಎಬರ್‌ಹಾರ್ಟ್’ ಎಂದೇ ಹೆಸರಾದವನು. ವರ್ಷ 1477. ನಮ್ಮಲ್ಲಿ ವಿಜಯನಗರ ಇನ್ನೂ ಸಂಗಮ ವಂಶದ ಕೈಯಲ್ಲಿದ್ದ ಕಾಲ. ಎಬರ್‌ಹಾರ್ಟ್‌ನ ಸಮಾಧಿ ಹೋಲ್ಜ್‌ಮಾರ್ಕ್ಟ್ ಚೌಕದ ಸೇಂಟ್ ಜಾರ್ಜ್ ಚರ್ಚಿನಲ್ಲಿದೆ. ಅಲ್ಲಿ ಈ ನಾಡನ್ನಾಳಿದ ವ್ಯೂರ್ಟೆಂಬೆರ್ಗ್ ದೊರೆಮನೆತನದವರ ಕಲ್ಲಿನ ಪ್ರತಿಮೆಗಳು ಸಮಾಧಿಗಳ ಮೇಲೆ ಸಾಲಾಗಿ ಮಲಗಿವೆ. ಹಿಂದಿನ ಕಿಟಕಿಗಳಲ್ಲಿ 15ನೇ ಶತಮಾನದ ಬಣ್ಣದ ಗಾಜಿನ ಚಿತ್ರಗಳು.

ಚರ್ಚಿನ ಎದುರಿಗಿರುವ ಹೆಕೆನ್‌ಹಾವರ್ ಪುಸ್ತಕದಂಗಡಿಯನ್ನು ಮರೆಯದೆ ನೋಡಬೇಕು. 1895ರಲ್ಲಿ ಹದಿನೆಂಟರ ಹುಡುಗನೊಬ್ಬ ಕೆಲಸ ಕಲಿಯಲು ಇಲ್ಲಿಗೆ ಬಂದು ಸೇರಿದ. ಹೆಸರು ಹರ್ಮನ್ ಹೆಸ್ಸೆ. ಮುಂದೆ ‘ಸಿದ್ಧಾರ್ಥ’ ಬರೆದು, 1946ರಲ್ಲಿ ನೊಬೆಲ್ ಪಡೆದ ಅದೇ ಹೆಸ್ಸೆ. ಅವನು ಗುಂಡರ್ಟರ ಮಗಳ ಮಗ. ತಾಯಿ ಮಾರಿ ಹುಟ್ಟಿದ್ದು ನಮ್ಮ ನೆರೆಯ ತಲಶ್ಶೇರಿಯಲ್ಲಿ.

ಮಾರುಕಟ್ಟೆ ಚೌಕದಲ್ಲಿ 1435ರ ಪುರಭವನ ನಿಂತಿದೆ. ಅದರ ಮುಖದ ಮೇಲಿನ ಖಗೋಳ ಗಡಿಯಾರವನ್ನು 1511ರಲ್ಲಿ ರೂಪಿಸಿದವನು ಗಣಿತಜ್ಞ ಯೋಹಾನ್ನಸ್ ಸ್ಟ್ಯೋಫ್ಲರ್. ಸೂರ್ಯ ಚಂದ್ರರ ಮುಳ್ಳುಗಳ ಜೊತೆಗೆ ಡ್ರ್ಯಾಗನ್ ಆಕಾರದ ಇನ್ನೊಂದು ಮುಳ್ಳಿದೆ. ಅದು ಗ್ರಹಣಗಳನ್ನು ಸೂಚಿಸುತ್ತದೆ. ನಾವು ರಾಹು–ಕೇತು ಎನ್ನುವ ಬಿಂದುಗಳನ್ನು ಅವರು ಡ್ರ್ಯಾಗನ್‌ನ ತಲೆ–ಬಾಲ ಎಂದು ಕರೆದರು. ಪಂಚಾಂಗ ನೋಡಿ ಬೆಳೆದವರಿಗೆ ಈ ಗಡಿಯಾರ ಪರಕೀಯ ಎನಿಸದು.

ಇನ್ನು ಗುಡ್ಡದ ಮೇಲಿನ ಹೋಹೆನ್‌ಟ್ಯೂಬಿಂಗೆನ್ ಕೋಟೆ. ಏರು ದಾರಿಯಾದ್ದರಿಂದ ನಿಧಾನವಾಗಿ ಹತ್ತಬೇಕು. ಕೋಟೆಯ ಹಳೆಯ ಅಡುಗೆಮನೆಯನ್ನು 19ನೇ ಶತಮಾನದಲ್ಲಿ ವಿಶ್ವವಿದ್ಯಾಲಯದ ಪ್ರಯೋಗಾಲಯವಾಗಿ ಮಾಡಿಕೊಂಡಿದ್ದರು. 1869ರಲ್ಲಿ 24 ವರ್ಷದ ಫ್ರೀಡ್ರಿಶ್ ಮೀಶರ್ ಅಲ್ಲಿ ಕುಳಿತು, ಊರಿನ ಆಸ್ಪತ್ರೆಯಿಂದ ತಂದ ಕೀವು ಮೆತ್ತಿದ ಬ್ಯಾಂಡೇಜುಗಳನ್ನು ತೊಳೆಯುತ್ತಿದ್ದ. ಕೀವಿನಲ್ಲಿರುವ ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ, ಹಂದಿಯ ಜಠರದಿಂದ ತೆಗೆದ ರಸದಿಂದ ಪ್ರೋಟೀನನ್ನು ಕರಗಿಸಿದ. ಆಗಲೂ ಕರಗದೆ ಉಳಿಯಿತು ಕಣದ ಬೀಜದೊಳಗಿನ ಒಂದು ವಸ್ತು. ಅದಕ್ಕೆ ಅವನಿಟ್ಟ ಹೆಸರು ‘ನ್ಯೂಕ್ಲೀನ್’. ಇಂದು ನಾವು ಡಿಎನ್‌ಎ ಎನ್ನುವುದು ಅದನ್ನೇ. ಮನುಕುಲದ ವಂಶವಾಹಿಯ ವಸ್ತು ಮೊದಲು ಕೈಗೆ ಸಿಕ್ಕಿದ್ದು ಒಂದು ಅಡುಗೆಮನೆಯಲ್ಲಿ!

ಅದೇ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಒಂದು ಕುದುರೆ ಇದೆ. ಉದ್ದ 4.8 ಸೆಂಟಿಮೀಟರ್, ಅಂದರೆ ಹೆಬ್ಬೆರಳಿನಷ್ಟು. ವಯಸ್ಸು ಮಾತ್ರ ಮೂವತ್ತೈದು ಸಾವಿರ ವರ್ಷಕ್ಕೂ ಮಿಗಿಲು. 1931ರಲ್ಲಿ ಫೋಗೆಲ್‌ಹೆರ್ಡ್ ಗುಹೆಯಲ್ಲಿ ಸಿಕ್ಕಿದ್ದು ಇದು. ಹಿಮಯುಗದ ಯಾವನೋ ಕುಶಲಿ ಮ್ಯಾಮತ್ ಆನೆಯ ದಂತದಲ್ಲಿ ಕಡೆದದ್ದು. ಕಾಲುಗಳು ಮುರಿದಿವೆ, ಆದರೆ ಕತ್ತು ಬಾಗಿದ ಆ ಬಳುಕಿನಲ್ಲಿ ಜೀವ ಹಾಗೇ ಇದೆ. ಮನುಷ್ಯ ಮಾಡಿದ ಅತ್ಯಂತ ಹಳೆಯ ಶಿಲ್ಪಗಳ ಸಾಲಿಗೆ ಸೇರಿದ ಇದರ ಮುಂದೆ ಎಷ್ಟು ಹೊತ್ತು ನಿಂತರೂ ಕಡಿಮೆಯೇ.

ಕೋಟೆಯ ಎತ್ತರದಿಂದ ಇಡೀ ಊರು ಕಾಣುತ್ತದೆ. 1853ರಲ್ಲಿ ನಮ್ಮ ನೆಲಕ್ಕೆ ಬಂದ ಕಿಟ್ಟೆಲ್, ಶಬ್ದಮಣಿದರ್ಪಣ, ಛಂದೋಂಬುಧಿಗಳನ್ನು ಸಂಪಾದಿಸಿ, ನಿಘಂಟಿಗಾಗಿ ದಶಕಗಳನ್ನೇ ಸವೆಸಿ, ಕೊನೆಗೆ ಬಂದು ನೆಲೆಸಿದ ಊರು ಇದೇ. 1896ರಲ್ಲಿ ಇಲ್ಲಿನ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ನೀಡಿತು. ಆದರೂ ಅವರ ದುಡಿಮೆ ನಿಲ್ಲಲಿಲ್ಲ. ಅವರ ಕನ್ನಡ ವ್ಯಾಕರಣ ಗ್ರಂಥ ಹೊರಬಂದದ್ದು 1903ರಲ್ಲಿ. ಅದೇ ವರ್ಷ ಡಿಸೆಂಬರ್ 18ರಂದು ಅವರು ತೀರಿಕೊಂಡರು.

ಬೆಂಗಳೂರು, ಮೈಸೂರು, ಮಂಗಳೂರುಗಳಿಂದ ಓದಿಗೆ, ಉದ್ಯೋಗಕ್ಕೆ ಹೋದ ಸಾವಿರಾರು ಕನ್ನಡಿಗರು ಇಂದು ಜರ್ಮನಿಯಲ್ಲಿದ್ದಾರೆ. ಅವರನ್ನು ನೋಡಲೆಂದು ಹೋಗುವ ಅಪ್ಪ ಅಮ್ಮಂದಿರೂ ಅನೇಕ. ಬರ್ಲಿನ್, ಮ್ಯೂನಿಕ್ ನೋಡುವ ನಡುವೆ ಟ್ಯೂಬಿಂಗೆನ್‌ಗೂ ಒಂದು ದಿನ ಎತ್ತಿಡಿ. ಹೊರಡುವ ಮುನ್ನ ಮಕ್ಕಳ ಕೈಗೆ ಕಿಟ್ಟೆಲ್ ನಿಘಂಟು ಕೊಟ್ಟು ನಾಲ್ಕು ಪದ ಹುಡುಕಿಸಿ. ಆ ಪದಗಳನ್ನು ಹೊತ್ತು ಈ ಬೀದಿಗಳಲ್ಲಿ ನಡೆದರೆ, ಬಂದದ್ದು ಪರವೂರಿಗಲ್ಲ, ನಮ್ಮ ನುಡಿಯ ಹಿರಿಯರೊಬ್ಬರ ಮನೆಯ ಅಂಗಳಕ್ಕೆ ಎಂಬುದು ಅವರಿಗೂ ತಿಳಿದೀತು.