ಹಾರ್ಮೋನ್ ಚಿಕಿತ್ಸೆಯಲ್ಲಿದ್ದರೆ ಕಾರು ಓಡಿಸಬಹುದೇ?

ನೈರೋಬಿಯ ರಿವರ್‌ಸೈಡ್ ಡ್ರೈವ್. ಆಫೀಸು ಬಿಡುವ ಹೊತ್ತು, ಒಂದಕ್ಕೊಂದು ಅಂಟಿಕೊಂಡಂತೆ ಸಾಗುವ ಕಾರುಗಳು. ನಮ್ಮೂರಿನಂತೆ ಇಲ್ಲಿಯೂ ಎಡಬದಿಯ ಸಂಚಾರ. ಮುಟ್ಟು ನಿಂತ ಕಾಲದ ತೊಂದರೆಗಳಿಗೆ ಹಾರ್ಮೋನ್ ಚಿಕಿತ್ಸೆ ಪಡೆಯುವ ಮಹಿಳೆ ಈ ದಟ್ಟಣೆಯಲ್ಲಿ ಸ್ಟೀರಿಂಗ್ ಹಿಡಿಯಬಹುದೇ?

ಸಾಮಾನ್ಯವಾಗಿ, ಧಾರಾಳವಾಗಿ. ಪ್ಯಾಚ್, ಜೆಲ್ ಅಥವಾ ಮಾತ್ರೆಯಾಗಿ ಸಿಗುವ ಈಸ್ಟ್ರೋಜನ್ ಹೆಚ್ಚಿನವರಿಗೆ ಮಂಪರು ತರುವುದಿಲ್ಲ.

ಎಚ್ಚರ ಬೇಕಿರುವುದು ಅದರ ಜೋಡಿ ಔಷಧ ಪ್ರೊಜೆಸ್ಟರಾನ್ ವಿಷಯದಲ್ಲಿ. ಗರ್ಭಕೋಶದ ಒಳಪದರ ಅತಿಯಾಗಿ ಬೆಳೆಯದಂತೆ ಇದನ್ನು ಕೊಡುತ್ತಾರೆ. ಮೈಕ್ರೋನೈಸ್ಡ್ ಪ್ರೊಜೆಸ್ಟರಾನ್ ನುಂಗಿದಾಗ ಅದರ ಒಂದಂಶ ಅಲೊಪ್ರೆಗ್ನನೊಲೋನ್ ಆಗಿ ಬದಲಾಗಿ ಮಿದುಳನ್ನು ಶಾಂತಗೊಳಿಸುತ್ತದೆ. ಕೆಲವರಿಗೆ ನುಂಗಿದ ಕೆಲವೇ ಗಂಟೆಗಳಲ್ಲಿ ತೂಕಡಿಕೆ, ತಲೆಸುತ್ತು. ಅದಕ್ಕೇ ವೈದ್ಯರು ಅದನ್ನು ಮಲಗುವ ಮುಂಚೆ ತೆಗೆದುಕೊಳ್ಳಲು ಹೇಳುವುದು. ನುಂಗಿದ ಮೇಲೆ ಕಾರಿನ ಕೀ ಮುಟ್ಟದಿದ್ದರೆ ಒಳ್ಳೆಯದು. ಮದ್ಯ ಸೇರಿದರೆ ಮಂಪರು ಇನ್ನಷ್ಟು.

ಬಿಸಿಯುಬ್ಬರಕ್ಕೆ (ಹಾಟ್ ಫ್ಲಾಶ್) ಬಳಸುವ ಗ್ಯಾಬಪೆಂಟಿನ್, ಕ್ಲೊನಿಡಿನ್ ಕೂಡ ನಿದ್ದೆ ಬರಿಸಬಲ್ಲವು. ಚಿಕಿತ್ಸೆ ಸಿಗದೆ ರಾತ್ರಿಯಿಡೀ ಬೆವರಿ ಎಚ್ಚರವಿದ್ದವರೂ ಬೆಳಗ್ಗೆ ಸ್ಟೀರಿಂಗ್ ಹಿಂದೆ ತೂಕಡಿಸಬಹುದು.

ಹೊಸ ಔಷಧ ಅಥವಾ ಹೊಸ ಡೋಸ್ ಶುರುವಾದಾಗ, ಅದು ಮೈಗೆ ಹೇಗೆ ಒಗ್ಗುತ್ತದೆಂದು ತಿಳಿಯುವವರೆಗೆ ಡ್ರೈವಿಂಗ್ ಬೇರೆಯವರಿಗಿರಲಿ. ದೂರದ ಪ್ರಯಾಣವಾದರೆ ಆಗಾಗ ಇಳಿದು ನಡೆದಾಡಬೇಕು, ಏಕೆಂದರೆ ಈಸ್ಟ್ರೋಜನ್ ಮಾತ್ರೆ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಸ್ವಲ್ಪ ಹೆಚ್ಚಿಸುತ್ತದೆ. ಸಾಮಾನ್ಯ ಡೋಸಿನ ಪ್ಯಾಚ್‌ನಲ್ಲಿ ಆ ಏರಿಕೆ ಕಂಡುಬಂದಿಲ್ಲ.

ಹಠಾತ್ ದೃಷ್ಟಿ ಮಂಜಾಗುವುದು, ಎದೆನೋವು, ಉಸಿರಾಟದ ತೊಂದರೆ, ಒಂದೇ ಕಾಲಿನ ಊತ: ಇವುಗಳಲ್ಲಿ ಯಾವುದು ಕಂಡರೂ ಕಾರು ಬದಿಗೆ ನಿಲ್ಲಿಸಿ ತುರ್ತು ಸಹಾಯಕ್ಕೆ ಕರೆ ಮಾಡಬೇಕು. ಕೀನ್ಯಾದಲ್ಲಿ ಸಂಖ್ಯೆ 999.