ಪ್ರಾದೇಶಿಕ ನಾಯಕತ್ವ ಕಾರ್ಯಕ್ರಮ ಮತ್ತು ವೃತ್ತಿಪರರ ದೃಷ್ಟಿಕೋನ: ಅಟ್ಲಾಂಟಾದ ಅನುಭವ

ವೃತ್ತಿಯಲ್ಲಿ ಮೇಲೇರಿದಂತೆಲ್ಲ ಪರಿಚಯದ ವಲಯವೂ ವಿಸ್ತರಿಸುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಅದು ಅನೇಕ ವೇಳೆ ಕಿರಿದಾಗುತ್ತದೆ. ಲೆಕ್ಕಪರಿಶೋಧಕರು ಲೆಕ್ಕಪರಿಶೋಧಕರೊಡನೆ, ವಕೀಲರು ವಕೀಲರೊಡನೆ ವ್ಯವಹರಿಸುತ್ತ, ತಾವು ವಾಸಿಸುವ ನಗರದ ನೀರು, ಸಾರಿಗೆ, ಶಾಲೆಗಳ ವಿಷಯದಲ್ಲಿ ಕೇವಲ ಪತ್ರಿಕೆಯ ಓದುಗರಾಗಿ ಉಳಿಯುತ್ತಾರೆ. ಈ ಕೊರತೆಯನ್ನು ನೀಗಿಸಲು ಅಮೆರಿಕದಲ್ಲಿ ರೂಪುಗೊಂಡ ಪ್ರಾದೇಶಿಕ ನಾಯಕತ್ವ ಕಾರ್ಯಕ್ರಮಗಳ ಹಿಂದೆ ಅಲ್ಲಿನ ವಾಣಿಜ್ಯ ಸಂಸ್ಥೆಗಳ ಪಾತ್ರ ಹಿರಿದು. ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದ ಅನುಭವ ಇದಕ್ಕೊಂದು ಉತ್ತಮ ನಿದರ್ಶನ.

1962ರ ಜೂನ್ 3ರಂದು ಪ್ಯಾರಿಸ್‌ನ ಓರ್ಲಿ ವಿಮಾನ ನಿಲ್ದಾಣದಲ್ಲಿ ಸಂಭವಿಸಿದ ಅಪಘಾತದಲ್ಲಿ ಅಟ್ಲಾಂಟಾದ ನೂರಕ್ಕೂ ಹೆಚ್ಚು ಗಣ್ಯ ನಾಗರಿಕರು ಏಕಕಾಲಕ್ಕೆ ಮೃತಪಟ್ಟರು. ಒಂದು ನಗರದ ಸಾರ್ವಜನಿಕ ಜೀವನವು ಎಷ್ಟು ಕಡಿಮೆ ಜನರನ್ನು ಅವಲಂಬಿಸಿರುತ್ತದೆ ಎಂಬುದಕ್ಕೆ ಈ ದುರಂತವನ್ನು ಇಂದಿಗೂ ಉದಾಹರಿಸುವುದುಂಟು. 1969ರಲ್ಲಿ ಅಲ್ಲಿನ ವಾಣಿಜ್ಯ ಮಂಡಲಿಯು 'ಲೀಡರ್‌ಶಿಪ್ ಅಟ್ಲಾಂಟಾ' ಕಾರ್ಯಕ್ರಮವನ್ನು ಆರಂಭಿಸಿತು. ಮುಂದೆ 1990ರ ದಶಕದಲ್ಲಿ, ಹಲವು ಕೌಂಟಿಗಳ ಯೋಜನಾ ಸಂಸ್ಥೆಯಾದ ಅಟ್ಲಾಂಟಾ ಪ್ರಾದೇಶಿಕ ಆಯೋಗವು ಸುತ್ತಣ ಪ್ರದೇಶವನ್ನೆಲ್ಲ ದೃಷ್ಟಿಯಲ್ಲಿರಿಸಿಕೊಂಡು ಸುಮಾರು ಒಂದು ವಾರದ ವಸತಿ ಶಿಬಿರವನ್ನು ಏರ್ಪಡಿಸಿತು.

ಇಂತಹ ಕಾರ್ಯಕ್ರಮಗಳಲ್ಲಿ ಭಾಷಣಕಲೆಯನ್ನಾಗಲಿ ಆಡಳಿತ ತಂತ್ರಗಳನ್ನಾಗಲಿ ಕಲಿಸುವುದು ಮುಖ್ಯವಲ್ಲ. ಅವನ್ನು ಕಲಿಸುವ ಸಂಸ್ಥೆಗಳು ಬೇಕಾದಷ್ಟಿವೆ. ಇಲ್ಲಿ ಮುಖ್ಯವಾದುದು ಪಕ್ಕದ ಕುರ್ಚಿಯಲ್ಲಿ ಯಾರು ಕುಳಿತಿದ್ದಾರೆ ಎಂಬುದು. ಬ್ಯಾಂಕ್ ಅಧಿಕಾರಿಯ ಪಕ್ಕದಲ್ಲಿ ಕೌಂಟಿಯ ಚುನಾಯಿತ ಸದಸ್ಯರು, ಅವರಾಚೆ ಸೇವಾಸಂಸ್ಥೆಯ ಮುಖ್ಯಸ್ಥರು ಇರುತ್ತಾರೆ. ಕಪ್ಪು ಮತ್ತು ಬಿಳಿ ಜನಾಂಗದವರು ವರ್ಣಭೇದದ ವಿಷಯವನ್ನು ಮುಖಾಮುಖಿಯಾಗಿ ಚರ್ಚಿಸುವುದು ಲೀಡರ್‌ಶಿಪ್ ಅಟ್ಲಾಂಟಾದ ಪಠ್ಯಕ್ರಮದ ಒಂದು ಅಂಗವೇ ಆಗಿದೆ. ಇದರ ಪರಿಣಾಮವಾಗಿ ವೃತ್ತಿಪರನು ಲೆಕ್ಕ ಹಾಕುವ ಮಾನವೇ ಬದಲಾಗುತ್ತದೆ. ಕಾರ್ಮಿಕರು ತಡವಾಗಿ ಬರುವುದನ್ನು ಅಶಿಸ್ತೆಂದು ಭಾವಿಸಿದ್ದ ಕಾರ್ಖಾನೆಯ ವ್ಯವಸ್ಥಾಪಕರು, ಅವರ ಮನೆಯಿಂದ ಕಾರ್ಖಾನೆಗೆ ಬಸ್ಸಿನ ಮಾರ್ಗವೇ ಇಲ್ಲವೆಂಬುದನ್ನು ಸಾರಿಗೆ ಅಧಿಕಾರಿಯ ಬಾಯಿಂದ ಕೇಳಬೇಕಾಗಬಹುದು.

ನೀರಿನ ಸಮಸ್ಯೆಯು ಈ ಪ್ರಾದೇಶಿಕ ದೃಷ್ಟಿಯ ಅಗತ್ಯವನ್ನು ಇನ್ನೂ ಸ್ಪಷ್ಟವಾಗಿ ತೋರಿಸಿತು. ಅಟ್ಲಾಂಟಾ ಪ್ರದೇಶದ ಬಹುಪಾಲು ಜನರಿಗೆ ಚಟಾಹೂಚಿ ನದಿ ಹಾಗೂ ಅದರ ಲೇನಿಯರ್ ಜಲಾಶಯವೇ ಆಧಾರ. ಕೆಳಪಾತ್ರದ ಅಲಬಾಮಾ ಮತ್ತು ಫ್ಲೋರಿಡಾ ರಾಜ್ಯಗಳು ಈ ಬಗ್ಗೆ ನ್ಯಾಯಾಲಯದ ಮೆಟ್ಟಿಲೇರಿದ್ದವು. ಕಾವೇರಿ ವಿವಾದವನ್ನು ಬಲ್ಲ ಕನ್ನಡ ಓದುಗರಿಗೆ ಈ ಕಥೆಯನ್ನು ವಿವರಿಸಬೇಕಾದ ಅಗತ್ಯವಿಲ್ಲ. 2009ರ ಜುಲೈನಲ್ಲಿ ಫೆಡರಲ್ ನ್ಯಾಯಾಧೀಶರು, ಜಲಾಶಯವನ್ನು ಕುಡಿಯುವ ನೀರಿಗಾಗಿ ಬಳಸಲು ಶಾಸನಬದ್ಧ ಅನುಮತಿ ಇಲ್ಲವೆಂದು ತೀರ್ಪಿತ್ತು ಮೂರು ವರ್ಷಗಳ ಗಡುವು ವಿಧಿಸಿದರು. ಯಾವ ಕೌಂಟಿಯೂ ಯಾವ ಉದ್ದಿಮೆಯೂ ಒಂಟಿಯಾಗಿ ಪರಿಹರಿಸಿಕೊಳ್ಳಬಹುದಾದ ಸಂಕಟ ಇದಾಗಿರಲಿಲ್ಲ. ಗವರ್ನರ್ ನೇಮಿಸಿದ ಕಾರ್ಯಪಡೆಯಲ್ಲಿ ಉದ್ಯಮಿಗಳು ಅಧಿಕಾರಿಗಳೊಡನೆ ಕುಳಿತು ಪರ್ಯಾಯಗಳನ್ನು ಪರಿಶೀಲಿಸಿದರು. 2010ರಲ್ಲಿ ರಾಜ್ಯವು ನೀರಿನ ಮಿತವ್ಯಯಕ್ಕೆ ಸಂಬಂಧಿಸಿದ ಕಾಯಿದೆಯನ್ನು ಅಂಗೀಕರಿಸಿತು. 2011ರಲ್ಲಿ ಮೇಲ್ಮನವಿ ನ್ಯಾಯಾಲಯವು ಮೊದಲಿನ ತೀರ್ಪನ್ನು ತಳ್ಳಿಹಾಕಿತು.

ಆದರೆ ಈ ಕಾರ್ಯಕ್ರಮಗಳ ಮಿತಿಯನ್ನೂ ಮರೆಯಲಾಗದು. ಮುಂದಾಳುಗಳ ನಡುವೆ ಏರ್ಪಟ್ಟ ಒಮ್ಮತವನ್ನು ಜನತೆಯ ಒಮ್ಮತವೆಂದು ಭ್ರಮಿಸುವ ಅಪಾಯ ಇಲ್ಲಿ ಸದಾ ಇರುತ್ತದೆ. ಸಾರಿಗೆ ಸುಧಾರಣೆಗಾಗಿ ಹತ್ತು ವರ್ಷಗಳ ಕಾಲ ಶೇ. 1ರಷ್ಟು ಮಾರಾಟ ತೆರಿಗೆ ವಿಧಿಸುವ ಪ್ರಸ್ತಾವವು 2012ರ ಜುಲೈ 31ರಂದು ಅಟ್ಲಾಂಟಾ ಪ್ರದೇಶದ ಹತ್ತು ಕೌಂಟಿಗಳ ಮತದಾರರ ಮುಂದೆ ಬಂದಿತು. ವಾಣಿಜ್ಯ ಮಂಡಲಿ ಹಾಗೂ ಪ್ರಮುಖ ಉದ್ಯಮಿಗಳು ಒಕ್ಕೊರಲಿನಿಂದ ಬೆಂಬಲಿಸಿದರೂ ಮತದಾರರು ಅದನ್ನು ಭಾರಿ ಬಹುಮತದಿಂದ ತಿರಸ್ಕರಿಸಿದರು. ತೆರಿಗೆ ವಿರೋಧಿಗಳು, ಪರಿಸರವಾದಿಗಳು, ಕಪ್ಪು ಜನರ ಹಕ್ಕುಗಳ ಸಂಘಟನೆಯ ಸ್ಥಳೀಯ ಶಾಖೆಯವರು ತಂತಮ್ಮ ಬೇರೆ ಬೇರೆ ಕಾರಣಗಳಿಂದ ಅದನ್ನು ವಿರೋಧಿಸಿದ್ದರು.

ಇದಕ್ಕೆ ಹಳೆಯ ಹಿನ್ನೆಲೆಯೊಂದಿದೆ. 1971ರಲ್ಲಿ ರೈಲು ಹಾಗೂ ಬಸ್ ಸಂಪರ್ಕದ ಯೋಜನೆಯನ್ನು ಫುಲ್ಟನ್ ಮತ್ತು ಡಿಕಾಲ್ಬ್ ಕೌಂಟಿಗಳು ಒಪ್ಪಿದರೆ, ಕ್ಲೇಟನ್ ಮತ್ತು ಗ್ವಿನೆಟ್ ಕೌಂಟಿಗಳು ನಿರಾಕರಿಸಿದ್ದವು. ಜನಾಂಗೀಯ ಅಪನಂಬಿಕೆಯೂ ಅದಕ್ಕೊಂದು ಕಾರಣವಾಗಿತ್ತು. ತರಬೇತಿ ಪಡೆದ ಕೆಲವು ನೂರು ಜನರ ಸ್ನೇಹದಿಂದ ಅಂಥ ಅಪನಂಬಿಕೆ ಕರಗದು. 2014ರಲ್ಲಿ ಕ್ಲೇಟನ್ ತನ್ನ ನಿಲುವನ್ನು ಬದಲಿಸಿ ಆ ವ್ಯವಸ್ಥೆಯನ್ನು ಸೇರಿತು. ಗ್ವಿನೆಟ್ ಮತದಾರರು 2019, 2020 ಮತ್ತು 2024ರಲ್ಲಿ ಸಾರಿಗೆ ವಿಸ್ತರಣೆಯ ಪ್ರಸ್ತಾವಗಳನ್ನು ಮತ್ತೆ ಮತ್ತೆ ತಿರಸ್ಕರಿಸಿದರು.