ಕಣ್ಣಿಗೆ ಕಾಣುವ ನಾದ

ನಾದ ಕಿವಿಗೆ ಕೇಳುವಂಥದ್ದು. ಅದು ಕಣ್ಣಿಗೂ ಕಂಡೀತೇ? ಕಾಣಬಲ್ಲದು. ಅದಕ್ಕೆ ಪ್ರಯೋಗಶಾಲೆಯೇ ಬೇಕೆಂದಿಲ್ಲ. ಒಂದು ಡಬ್ಬಿ, ಒಂದು ಬಲೂನು ಮತ್ತು ಚಿಟಿಕೆ ಪುಡಿ ಉಪ್ಪು ಇದ್ದರೆ ಸಾಕು.

ಬಲೂನಿನ ಬಾಯಿಯ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ರಬ್ಬರನ್ನು ಡಬ್ಬಿಯ ಬಾಯಿಗೆ ತಮಟೆಯ ಚರ್ಮದಂತೆ ಬಿಗಿಯಾಗಿ ಎಳೆದು ದಾರ ಕಟ್ಟಿ. ಅದರ ಮೇಲೆ ಉಪ್ಪನ್ನು ತೆಳುವಾಗಿ ಉದುರಿಸಿ. ಈಗ ಡಬ್ಬಿಯನ್ನು ಮುಟ್ಟದೆ, ಸನಿಹದಲ್ಲಿ ಸ್ಟೀಲಿನ ತಟ್ಟೆಯೊಂದನ್ನು ಹಿಡಿದು ಚಮಚದಿಂದ ಬಡಿಯಿರಿ. ಉಪ್ಪಿನ ಹರಳುಗಳು ಕುಣಿಯುತ್ತವೆ! ತಟ್ಟೆಯ ಕಂಪನ ಗಾಳಿಯ ಮೂಲಕ ಬಂದು ರಬ್ಬರನ್ನು ನಡುಗಿಸಿತೆಂದು ಅರ್ಥ. ತಟ್ಟೆಯ ಬದಲು ಬಾಯಿಯಿಂದ ‘ಊ’ ಎಂದು ಬೇರೆ ಬೇರೆ ಶ್ರುತಿಯಲ್ಲಿ ಗಟ್ಟಿಯಾಗಿ ಹಾಡಿಯೂ ನೋಡಬಹುದು. ಉಸಿರು ಮಾತ್ರ ಉಪ್ಪಿಗೆ ತಾಗಬಾರದು. ಕೆಲವು ಶ್ರುತಿಗಳಿಗೆ ಉಪ್ಪು ಜೋರಾಗಿ ಕುಣಿಯುತ್ತದೆ, ಕೆಲವಕ್ಕೆ ಅಲುಗುವುದೇ ಇಲ್ಲ. ಶ್ರುತಿ ಸರಿಯಾಗಿ ಕೂಡಿದರೆ ಹರಳುಗಳು ಗೆರೆಗಟ್ಟುವುದೂ ಉಂಟು. ನಡುಗುವ ಜಾಗದಿಂದ ಸಿಡಿದ ಹರಳು ನಡುಗದ ಜಾಗದಲ್ಲಿ ನೆಲೆಸುತ್ತದೆ. ಈ ನಿಶ್ಚಲ ಗೆರೆಗಳೇ ನಿಸ್ಪಂದ ರೇಖೆಗಳು.

ಜರ್ಮನಿಯ ಅರ್ನ್‌ಸ್ಟ್ ಕ್ಲಾಡ್ನಿ ಇಂಥ ಚಿತ್ರಗಳನ್ನು 1787ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ತಗಡಿನ ಮೇಲೆ ಮರಳು ಹರಡಿ, ಅಂಚಿಗೆ ಪಿಟೀಲಿನ ಕಮಾನು ಎಳೆಯುವುದು ಅವನ ವಿಧಾನ. 1809ರಲ್ಲಿ ನೆಪೋಲಿಯನ್ ಎದುರಿನಲ್ಲೂ ಅದು ಪ್ರದರ್ಶನಗೊಂಡಿತು. ಈ ಚಿತ್ರಗಳ ಹಿಂದಿನ ಗಣಿತಕ್ಕಾಗಿ 1816ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಬಹುಮಾನ ಪಡೆದಾಕೆ ಸೋಫಿ ಜರ್ಮೇನ್.

ಇದೇ ಮರಳು ನಮ್ಮ ಮೃದಂಗದ ಗುಟ್ಟನ್ನೂ ಬಿಡಿಸಿತು. ಸಾಮಾನ್ಯ ಚರ್ಮವಾದ್ಯವನ್ನು ಬಡಿದಾಗ ಹೊಮ್ಮುವ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೊದಲ ಸ್ವರದ ಕಂಪನಸಂಖ್ಯೆ 1 ಎಂದರೆ ಮುಂದಿನವು 1.59, 2.14 ಹೀಗೆ ಓರೆಕೋರೆಯಾಗಿರುತ್ತವೆ. ಆದ್ದರಿಂದ ಅಲ್ಲಿ ಸದ್ದಿದೆ, ಶ್ರುತಿ ಸ್ಪಷ್ಟವಿಲ್ಲ. ಮೃದಂಗ, ತಬಲಾಗಳಲ್ಲಿ ಹಾಗಲ್ಲ. ಅಲ್ಲಿ ತಂತಿವಾದ್ಯದಂತೆ 1, 2, 3, 4, 5ರ ಕ್ರಮವಿದೆ. ಸಿ.ವಿ. ರಾಮನ್ 1920ರಲ್ಲಿ ಸಹಲೇಖಕರೊಬ್ಬರೊಡನೆ ಈ ವಿಷಯ ಬರೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ, 1934ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಾದ್ಯದ ಮುಖದ ಮೇಲೆ ಮರಳು ಬರೆದ ಗೆರೆಗಳನ್ನೇ ಸಾಕ್ಷಿಯಾಗಿ ಮುಂದಿಟ್ಟರು. ನಡುವಿನ ಕಪ್ಪು ಕರಣೆಯ ಭಾರವೇ ಸ್ವರಗಳನ್ನು ಸಾಲಿಗೆ ತರುತ್ತದೆ.

ಆ ಕರಣೆಯನ್ನು ಪದರ ಪದರವಾಗಿ ಹಚ್ಚಿ, ತಟ್ಟಿ, ಕೇಳಿ ಹದ ಮಾಡುವವರು ವಾದ್ಯ ತಯಾರಿಸುವ ಕುಶಲಕರ್ಮಿಗಳು. ಗಣಿತದ ನೆರವಿಲ್ಲದೆ ಅವರ ಕಿವಿ ಕಂಡುಕೊಂಡದ್ದನ್ನು ವಿಜ್ಞಾನ ಆಮೇಲೆ ಕಣ್ಣಿಗೆ ತೋರಿಸಿತು. ಕಛೇರಿಯಲ್ಲಿ ಆ ಕಪ್ಪು ವೃತ್ತ ಕಂಡಾಗ, ಅದನ್ನು ಹಚ್ಚಿದ ಕೈಗಳೂ ನೆನಪಾಗಲಿ.